ಹಗೇವಿನ ಬಸವಣ್ಣ

ಕಾಕಾನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಿಗೂ ಹೇಳಬೇಡಿ ಎಂದು ಅವರು ನನಗೆ ಹೇಳಿದ ಮಾತೊಂದು ಇದರಲ್ಲಿ ಬರುತ್ತದೆ, ಅದಕ್ಕೆ. ಅಣ್ಣಿಗೇರಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಬಾಜೂ ಮನೆ ಅವರದು. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಾದ್ದರಿಂದ ಅವರಿಬ್ಬರಿಗೂ 'ಅಕ್ಕೋರು'. ಕಾಕಾ ತೀರಿಕೊಂಡು ಬಹಳ ದಿನವಾಗಿಲ್ಲ.

ಅವರು ದನದ ಸಂತೆಯ ದಲ್ಲಾಳಿ. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವರು. ಈ ವ್ಯಾಪಾರ ಬಾಯಿಂದ ನಡೆಯುವುದಲ್ಲ. ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರಡಿ ಬೆರಳು ಹಿಡಿದು, ಒತ್ತಿ, ಮಡಚಿ ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಟವೆಲ್ ಮೇಲೆ ಇಬ್ಬರೂ ಮಳೆ-ಬೆಳೆಯ ಮಾತಾಡುತ್ತ ನಗುತ್ತಿರುತ್ತಾರೆ, ಕೆಳಗೆ ಜಗಳ ನಡೆದಿರುತ್ತದೆ. ಅದೆಲ್ಲ ಬಲಗೈಯ ಕೆಲಸ. ಎಡಗೈ ಚಾಚಿದರೆ ಎದುರಿನವನು ಮುಖ ಸಿಂಡರಿಸಿಕೊಂಡು ಹೊರಟೇ ಹೋಗುತ್ತಾನೆ. "ನನ್ನ ನಾಲಗಿ ಇಲ್ಲೈತ್ರಿ ಅಕ್ಕೋರ" ಎಂದು ಕಾಕಾ ತಮ್ಮ ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸುತ್ತಿದ್ದರು.

ಯಾವುದನ್ನು ಕಂಡರೂ ಅದರ ಗುಣ, ದೋಷ ಎರಡನ್ನೂ ಹೇಳದೆ ಬಿಡುವ ಮನುಷ್ಯನಲ್ಲ. ನಾನು ಹೊಸ ಸ್ಕೂಟರ್ ತಂದ ದಿನ ಅದರ ಸುತ್ತ ಒಂದು ಸುತ್ತು ಬಂದು, ಸೀಟಿನ ಮೇಲೆ ಬೆನ್ನು ತಟ್ಟುವ ಹಾಗೆ ತಟ್ಟಿ, "ಮೈ ಅಗದಿ ಛಲೋ ಐತಿ. ದನಿ ಸರಿ ಇಲ್ಲ. ಯಾರ ಕಟ್ಟಿದಾರ್ರಿ ನಿಮಗ ಇದನ್ನ?" ಎಂದರು. ನನ್ನನ್ನು ನೋಡಲು ಒಮ್ಮೆ ವರನ ಕಡೆಯವರು ಬಂದಿದ್ದರು. ಕಾಕಾ ತಮ್ಮ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ನೋಡಿದರು. ಒಡೆಯನ ಎದುರಿಗೆ ದನದ ದೋಷ ಹೇಳಬಾರದು ಎಂಬುದು ಅವರ ನೇಮ. ವರನ ಕಡೆಯವರ ಕಾರು ಓಣಿ ದಾಟುವ ತನಕ ತಡೆದುಕೊಂಡಿದ್ದು ಆಮೇಲೆ ಹೇಳಿದರು:

"ಹುಡುಗ ಛಲೋ ಅದಾನ್ರಿ. ಆದ್ರ ಕಣ್ಣ ನಿಲ್ಲಂಗಿಲ್ಲ. ಹೊಲಾ ಬಿಟ್ಟ ಬದುವಿಗೆ ಹೋಗೂ ಜಾತಿ."

ನಾನು ಒಂದು ವಾರ ಅವರೊಡನೆ ಮಾತು ಬಿಟ್ಟೆ. ಆ ಸಂಬಂಧವೇನೋ ಕೂಡಲಿಲ್ಲ. ಅದು ಅವನ ಕಣ್ಣಿನಿಂದಲ್ಲ, ನನ್ನ ಬಾಯಿಯಿಂದ. ನಾನೂ ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡವಳೇ.

ಈ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ. ಹುಬ್ಬಳ್ಳಿಯ ದವಾಖಾನೆಯಿಂದ ಮನೆಗೆ ಬಂದಾಗ ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದರು, ಮಾತು ತುಸು ತೊದಲಿದರೂ ತಿಳಿಯುತ್ತಿತ್ತು. ಕೈ ಮಾತ್ರ ಬಿದ್ದುಹೋಗಿತ್ತು. ಬೆರಳಾಡಿಸುತ್ತಿರಿ, ಬಂದರೆ ಬರಬಹುದು ಎಂದು ಡಾಕ್ಟರು ಮೆತ್ತನೆಯ ಚೆಂಡೊಂದನ್ನು ಕೊಟ್ಟು ಕಳಿಸಿದ್ದರು. ಕಾಕಾ ಅದನ್ನು ಎಡಗೈಯಿಂದ ಓಣಿಯ ನಾಯಿಗೆ ಎಸೆದರು. "ನಾ ಕೂಸೇನ್ರಿ ಚೆಂಡ ಹಿಚುಕಾಕ?" ಅವರಿಗೆ ಬೇಕಾದದ್ದು ಒಂದೇ. ಬೆರಳು ತಿರುಗಿ ಬರಬೇಕು, ಸಂತೆಗೆ ಹೋಗಿ ಟವೆಲ್ಲಿನ ಅಡಿ ಬಲಗೈ ಚಾಚಬೇಕು. ಅದನ್ನು ಬಿಟ್ಟು ಅವರು ಇನ್ನೇನನ್ನೂ ದೇವರಲ್ಲಿ ಕೇಳಿದ್ದು ನನಗೆ ಗೊತ್ತಿಲ್ಲ.

ಭಾನುವಾರ ನಾನು ಟಿ.ವಿ.ಗೆ ವಿಡಿಯೋ ಗೇಮಿನ ಪೆಟ್ಟಿಗೆ ಹಚ್ಚಿ ಆಟ ಆಡುತ್ತೇನೆ ಎಂಬುದು ಓಣಿಗೆಲ್ಲ ತಿಳಿದ ಗುಟ್ಟು. ಕೆಲವರಿಗೆ ಅದು ನನಗೆ ಮದುವೆಯಾಗದ್ದಕ್ಕೆ ಕಾರಣ, ಕೆಲವರಿಗೆ ಅದರ ಪರಿಣಾಮ. ಆಗ ನಾನು ಆಡುತ್ತಿದ್ದದ್ದು ಒಂದು ಗುಂಡು ಹಾರಿಸುವ ಆಟ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಮೇಲೆ ಎರಡು ಪುಟ್ಟ ಗೂಟಗಳಿರುತ್ತವೆ. ಎಡ ಹೆಬ್ಬೆರಳಿನ ಗೂಟ ನಮ್ಮ ಮನುಷ್ಯನನ್ನು ನಡೆಸುತ್ತದೆ, ಬಲ ಹೆಬ್ಬೆರಳಿನದು ಬಂದೂಕನ್ನು ತಿರುಗಿಸಿ ಹೊಡೆಯುತ್ತದೆ. ನೆಲದೊಳಗೆ ಕೋಣೆಗಳು, ಕೋಣೆಯ ಕೆಳಗೆ ಅಂತಸ್ತು, ಅದರ ಕೆಳಗೆ ಇನ್ನೊಂದು. ಕೋಣೆ ತುಂಬ ಪಿಶಾಚಿಗಳು. ಸತ್ತರೆ ಗಳಿಸಿದ್ದೆಲ್ಲ ಹೋಯಿತು, ಮೊದಲ ಕೋಣೆಯಿಂದಲೇ ಶುರು. ಅದೂ ಹಿಂದಿನ ಕೋಣೆಯಲ್ಲ. ಪ್ರತಿ ಸಲವೂ ಆಟ ಕೋಣೆಗಳನ್ನು ಹೊಸದಾಗಿ ಕಲಸಿ ಜೋಡಿಸುತ್ತದೆ, ಬಾಯಿಪಾಠ ನಡೆಯುವುದಿಲ್ಲ.

ಕಾಕಾ ಒಂದು ಭಾನುವಾರ ಬೇಸರ ಕಳೆಯಲು ಬಂದು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಇದಕ್ಕ ಎರಡೂ ಕೈ ಬೇಕೇನ್ರಿ?"

"ಎರಡೂ ಬೇಕ್ರಿ ಕಾಕಾ. ಎಡಗೈ ನಡಸಾಕ, ಬಲಗೈ ಹೊಡಿಯಾಕ."

"ಬಲಗೈ ಇಲ್ಲದ ಆಗಂಗಿಲ್ಲ?"

"ಆಗಂಗಿಲ್ರಿ."

"ಹಂಗಾರ ಚೆಂಡಕಿಂತ ಇದ ಛಲೋ. ನಮ್ಮ ಪಡಸಾಲ್ಯಾಗ ಹಚ್ಚರಿ."

ಹಚ್ಚಿಕೊಟ್ಟೆ. ಆಟಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಕಾಕಾ ಅದನ್ನು 'ಹಗೇವು' ಎಂದು ಕರೆದರು. ನಮ್ಮ ಕಡೆ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಆಳದ ಗುಂಡಿ ಅದು. ಇಳಿದವನಿಗೆ ಉಸಿರು ಕಟ್ಟುವಂಥದು. ಎರಡು ಗೂಟಗಳು ಎತ್ತಿನ ಕೋಡುಗಳಂತೆ ಎಡಗೋಡು, ಬಲಗೋಡು ಆದವು. ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಿಂದ ಬಲಗೈಯನ್ನು ಎತ್ತಿ ಅದರ ಮೇಲೆ ಕೂರಿಸಿ, ಎರಡೂ ಕೈಗಳ ಮೇಲೆ ಟವೆಲ್ ಹೊದಿಸಿಕೊಂಡು ಆಡುತ್ತಿದ್ದರು. "ವ್ಯಾಪಾರ ನಡದಾಗ ಬೆರಳ ಕಾಣಸಬಾರದ್ರಿ" ಎಂದರು. ಸೋಮವಾರ ಆಡುತ್ತಿರಲಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹಾಗೆಯೇ ಇದಕ್ಕೂ ಬಿಡುವು. ಅಂದು ಕಾಕು ಕಂಟ್ರೋಲರನ್ನು ಒರೆಸಿ, ವಿಭೂತಿ ಹಚ್ಚಿ, ಜಗಲಿಯ ಮೇಲೆ ದೇವರ ಬಾಜೂ ಇಡುತ್ತಿದ್ದರು. ಗೂಟದ ಸಂದಿನಲ್ಲಿ ವಿಭೂತಿ ಇಳಿದರೆ ಕೆಡುತ್ತದೆ ಎಂದು ನಾನು ರೇಗಿದ್ದೂ ಉಂಟು.

ಶಾಲೆ ಬಿಟ್ಟ ಮೇಲೆ ಸಂಜೆ ಅವರ ಮನೆಗೆ ಹೋಗುವುದು ನನಗೆ ರೂಢಿಯಾಯಿತು. ಕಾಕು ಚಹಾ ಕೊಡುತ್ತಿದ್ದರು, ಕಾಕಾ ಕೊಳ್ಳುವ ಎತ್ತಿನದೆಂಬಂತೆ ಆಟದ ಹಲ್ಲು ಎಣಿಸುತ್ತಿದ್ದರು.

"ಇದರ ಮೊದಲನೇ ಗುಣ ಹೇಳ್ಲೇನ್ರಿ? ಸುಳ್ಳ ಹೇಳಂಗಿಲ್ಲ. ಸತ್ತ ಮ್ಯಾಲ ಎಲ್ಲಿ ತಪ್ಪಿದ್ನಿ ಅಂತ ನನಗ ತಿಳೀತೈತಿ. ಗ್ವಾಡಿ ಮೂಲಿಗೆ ಹೋಗಬಾರದಿತ್ತು, ಹೋದ್ನಿ, ಸತ್ನಿ. ನ್ಯಾಯ."

"ದಿನಾ ಹೊಸಾ ಕೋಣಿ, ಅದು ಗುಣ ಅಲ್ಲೇನ್ರಿ?"

"ಗುಣನ. ಸಂತಿನೂ ಹಂಗ. ಹೋದ ವಾರದ ಶಾಣ್ಯಾತನ ಈ ವಾರ ನಡಿಯಂಗಿಲ್ಲ."

ದೋಷಗಳನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು, ಆಟದ ಒಡತಿ ನಾನಲ್ಲವೇ, ಅದಕ್ಕೆ. ಹೊಸ ಬಂದೂಕು ಸಿಕ್ಕರೆ ಅದೇನು ಮಾಡುತ್ತದೆಂದು ಕೈಗೆತ್ತಿಕೊಂಡ ಮೇಲೆಯೇ ತಿಳಿಯುವುದು: "ಬಾಯಿ ತಗಸಿ ಹಲ್ಲ ನೋಡಾಕ ಬಿಡದ ವ್ಯಾಪಾರ." ಅಕ್ಷರಗಳು ಸಾಸಿವೆಯಷ್ಟು ಸಣ್ಣವು. ಪರದೆಯ ತುಂಬ ಗುಂಡು, ಕಿಡಿ, ಬಣ್ಣ ಚೆಲ್ಲಾಡಿ, ತಾನು ಎಲ್ಲಿದ್ದೇನೆಂದು ತನಗೇ ಕಾಣದಂತಾಗುತ್ತದೆ. ಅದೃಷ್ಟದ ಮಾತಿಗೆ ಬಂದರೆ ನಮ್ಮಿಬ್ಬರಿಗೂ ಜಗಳವೇ. ಒಂದು ದಿನ ಮೊದಲ ಕೋಣೆಯಲ್ಲೇ ಬೆಂಕಿಯುಗುಳುವ ಬಂದೂಕು ಸಿಗುತ್ತದೆ, ಇನ್ನೊಂದು ದಿನ ಮೂರನೆಯ ಅಂತಸ್ತಿನ ತನಕ ಕೈಯಲ್ಲಿ ಕಡ್ಡಿಯೂ ಇರುವುದಿಲ್ಲ. ಇದು ಆಟದ ದೊಡ್ಡ ಕೊರತೆ, ಜಾಣತನಕ್ಕೆ ಬೆಲೆ ಇಲ್ಲದ ಹಾಗೆ ಮಾಡುತ್ತದೆ ಎಂದು ನಾನು ವಾದಿಸುತ್ತಿದ್ದೆ. ಕಾಕಾ ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ದೊಡ್ಡ ಕೊರತೆ ಬೇರೆಯೇ.

"ಇದಕ್ಕ ನೆನಪಿಲ್ರಿ. ಮಾರಿದ ಎತ್ತ ವರ್ಷ ಬಿಟ್ಟ ಸಂತ್ಯಾಗ ಕಂಡ್ರೂ ನನ್ನ ಕೈ ಮೂಸತೈತಿ. ಇದು ನಿನ್ನಿ ಇಡೀ ದಿನ ದುಡಿದಾವನ್ನ ಇವತ್ತ ಗುರ್ತ ಹಿಡಿಯಂಗಿಲ್ಲ."

ಆಟದ ಒಳಗೆ, ಸೆಟ್ಟಿಂಗಿನ ಮೂಲೆಯೊಂದರಲ್ಲಿ, ಬಂದೂಕು ತಾನೇ ಗುರಿ ಹಿಡಿದು ಹೊಡೆಯುವ ಅನುಕೂಲವೂ ಇತ್ತು. ಬಲಗೈ ಬೇಕಿಲ್ಲ. ಒಂದು ಸಂಜೆ ಅದನ್ನು ತೋರಿಸಿದೆ. ಕಾಕಾ ನನ್ನ ಮುಖವನ್ನೇ ನೋಡಿದರು.

"ಅದ ಹೊಡಿಯೂದಾದ್ರ ನಾ ಯಾಕ ಕುಂದರ್ಲಿ? ತಗೀರಿ ಅದನ್ನ."

ತೆಗೆದೆ. ಅವರು ಹೇಗೆ ಆಡುತ್ತಾರೆಂಬುದು ನನಗೆ ತಕ್ಕಮಟ್ಟಿಗೆ ತಿಳಿದಿತ್ತು. ಗುಂಡುಗಳು ಯಾವಾಗಲೂ ಕೆಳಮುಖವಾಗಿಯೇ ಹೋಗುತ್ತಿದ್ದವು. ಭುಜದಿಂದ ಇಡೀ ತೋಳನ್ನು ಹಿಂದಕ್ಕೆ ಜಗ್ಗಿದರೆ ಹೆಬ್ಬೆರಳು ಬಲಗೋಡನ್ನು ಒಂದಿಷ್ಟು ಎಳೆಯುತ್ತಿತ್ತು, ಅಷ್ಟೆ. ಬಂದೂಕು ತಿರುಗದಿದ್ದರೆ ಏನಂತೆ, ಎಡಗೈಯಿಂದ ಓಡಾಡಿ ಪಿಶಾಚಿಗಳನ್ನೇ ಬಂದೂಕಿನ ಕೆಳಗೆ ಬರುವಂತೆ ಮಾಡುತ್ತಿದ್ದರು. ಹಾಗೆಯೇ ಎರಡು ಅಂತಸ್ತು ಇಳಿಯುತ್ತಿದ್ದರು. ಬೆರಳು ಇಂದಲ್ಲ ನಾಳೆ ಬಂದೀತು, ಅಲ್ಲಿಯವರೆಗೆ ಇದು ಎಂದು ನಾನೂ ನಂಬಿದ್ದೆ.

ಮೂರನೆಯ ಅಂತಸ್ತಿನ ಕೊನೆಯಲ್ಲಿ ಇರುವುದು ಒಂದು ಹೋರಿ. ಬೆನ್ನ ಮೇಲೆ ದೊಡ್ಡ ಹಿಣಿಲು, ಎರಡು ಕೋಡು, ಹಣೆಗೆ ಕಬ್ಬಿಣದ ಪಟ್ಟಿ. ಮುಂದಿನಿಂದ ಎಷ್ಟು ಹೊಡೆದರೂ ತಗಲುವುದಿಲ್ಲ. ಅದು ಹಾಯಲು ಬಂದಾಗ ತಪ್ಪಿಸಿಕೊಂಡು, ಗಕ್ಕನೆ ಬಂದೂಕು ತಿರುಗಿಸಿ ಹಿಂದಿನಿಂದ ಹೊಡೆಯಬೇಕು. ಗಳಿಗೆಗೊಂದು ದಿಕ್ಕು. ಕಾಕಾ ಮೊದಲ ಸಲ ಅಲ್ಲಿಗೆ ಮುಟ್ಟಿದ ಸಂಜೆ ನಾನು ಎದ್ದು ನಿಂತುಬಿಟ್ಟಿದ್ದೆ. ಕಾಕಾ ಮಾತ್ರ ಗುಂಡು ಹಾರಿಸಲೇ ಇಲ್ಲ.

"ಹೊಡೀರಿ ಕಾಕಾ!"

"ಬಸವಣ್ಣ ಅದಾನಲ್ರಿ."

"ಅದು ಆಟರಿ!"

"ಆಟ ಆದ್ರೇನಾತು? ಅದೂ ಹಿಂದಿಂದ ಹೊಡಿಬೇಕಂತ. ನಮ್ಮ ಹೊಟ್ಟಿಗೆ ಅನ್ನಾ ಹಾಕಿದ ಕುಲ ಐತ್ರಿ ಅದು. ನಾ ಹೊಡಿಯಂಗಿಲ್ಲ."

ಹೊಡೆಯದೆಯೇ ಅದರ ಮುಂದೆ ಅವರು ನಿಂತ ರೀತಿ ನೋಡಬೇಕಿತ್ತು. ಹೋರಿ ಹಾಯುವ ಮುನ್ನ ಯಾವ ಕಾಲು ಕೆರೆಯುತ್ತದೆಂಬುದನ್ನು ಒಂದೇ ಸಲಕ್ಕೆ ಹಿಡಿದಿದ್ದರು. "ಎಡಗಾಲ ಕೆರದ್ರ ಬಲಕ್ಕ ಬರತೈತಿ" ಎನ್ನುತ್ತ, ಎಡಗೋಡನ್ನು ಅಷ್ಟೇ ಅಷ್ಟು ಸರಿಸಿ, ಕೂದಲೆಳೆಯಲ್ಲಿ ಪಾರಾಗುತ್ತಿದ್ದರು. ಹತ್ತಿಪ್ಪತ್ತು ಸಲ ಹಾಗೆ ಪಾರಾಗಿ ಕೊನೆಗೆ ದಣಿದು ಸಾಯುತ್ತಿದ್ದರು. ಆಟದಲ್ಲಿ ಅದನ್ನು ಕೊಲ್ಲದೆ ಮುಂದೆ ಬಾಗಿಲು ತೆರೆಯುವುದಿಲ್ಲ. ಹೀಗೆ ಕೊಲ್ಲಲು ಒಪ್ಪದವನಿಗೂ ಒಂದು ದಾರಿ ಇಟ್ಟಿಲ್ಲವಲ್ಲ ಎಂದು ಆಟ ಮಾಡಿದವರ ಮೇಲೆ ನನಗೆ ಸಿಟ್ಟು ಬಂತು.

ಸುದ್ದಿ ಓಣಿ ದಾಟಿತು. ಹಗೇವಿನ ಬಸವಣ್ಣನನ್ನು ನೋಡಲು ಸಂಜೆ ಜನ ಸೇರತೊಡಗಿದರು. ಕಾಕು ಎಲ್ಲರಿಗೂ ಚಹಾ ಕಾಸಿ ಕೊಟ್ಟು, ತಲೆ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ, "ಅವರು ಬಸವಣ್ಣಗ ಹೊಡಿಯಂಗಿಲ್ರಿ" ಎಂದು ಹೊಸಬರಿಗೆ ತಿಳಿಸಿ ಹೇಳುತ್ತಿದ್ದರು. ಲಕ್ವಾ ಹೊಡೆದ ಮನುಷ್ಯನ ಮನೆಗೆ ಮೊದಲು ಜನ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದರು. ಈಗ ನಗುತ್ತ ಬರುತ್ತಿದ್ದರು. ಕಾಕಾನ ಮುಖಕ್ಕೂ ಮೊದಲಿನ ಕಳೆ ಬಂದಿತ್ತು.

ಆಗ ಗುಡಗೇರಿಯಿಂದ ಅವರ ಹಳೆಯ ಜೊತೆಗಾರ ಬಂದರು. ಅವರೂ ದಲ್ಲಾಳಿಯೇ, ಕಾಕಾನೊಡನೆ ಎಷ್ಟೋ ಸಂತೆ ತಿರುಗಿದವರು. ಒಳ್ಳೆಯ ಜೋಡಿಯೊಂದು ಮಾರಾಟಕ್ಕಿದೆ, ನೀನು ಬಂದು ಕೂತರೆ ಸಾಕು ಎಂದು ಕರೆಯಲು ಬಂದಿದ್ದರು. ಕಾಕಾ ಟವೆಲ್ ಎತ್ತಿ, ಬಲಗೈಯನ್ನು ಎಡಗೈಯಿಂದ ಮುಂದಕ್ಕೆ ತಂದು, ಜೊತೆಗಾರನ ಕೈಮೇಲಿಟ್ಟು ಮುಚ್ಚಿದರು.

"ಜೋಡಿಗೆ ನಾ ಒಂದ ದರಾ ಹೇಳತೇನಿ. ತಿಳೀತೇನ ನೋಡ."

ಕಾಕಾನ ಕತ್ತಿನ ನರ ಉಬ್ಬಿತು. ಜೊತೆಗಾರ ಟವೆಲ್ಲನ್ನೇ ನೋಡುತ್ತಿದ್ದರು.

"ತಿಳೀತಲೇ" ಎಂದು ಸ್ವಲ್ಪ ಹೊತ್ತಿನ ಮೇಲೆ ನಕ್ಕು, ಒಂದು ದರ ಹೇಳಿದರು.

ಕಾಕಾ ಒಂದು ಕ್ಷಣ ಅವರನ್ನೇ ದಿಟ್ಟಿಸಿ, "ಹೌದು, ಅಷ್ಟ" ಎಂದರು.

ಕಾಕು ಒಳಗಿನಿಂದ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದರು. ಬರುವ ಸಂತೆಗೆ ಹೋಗೂಣು ಎಂದು ಜೊತೆಗಾರ ಎದ್ದರು. ಹೊಸ್ತಿಲು ದಾಟುವಾಗ ಅವರು ಟೊಪ್ಪಿಗೆ ತೆಗೆದು ಅದರಲ್ಲೇ ಮುಖ ಒರೆಸಿಕೊಂಡಿದ್ದನ್ನು ನಾನು ಕಂಡೆ. ಆ ಸಂತೆಗೆ ಅವರು ಕರೆಯಲು ಬರಲಿಲ್ಲ. ಅವರನ್ನೂ ತಪ್ಪೆನ್ನಲಾರೆ.

ಮರುದಿನ ಸಂಜೆ ಹೋದಾಗ ಕಾಕು ಹಿಟ್ಟಿನ ಗಿರಣಿಗೆ ಹೋಗಿದ್ದರು. ಕಾಕಾ ಒಬ್ಬರೇ ಆಡುತ್ತಿದ್ದರು. ಎರಡು ಅಂತಸ್ತು ಇಳಿದಾಗಿತ್ತು.

"ಕುಂದರ್ರಿ ಅಕ್ಕೋರ. ಇವತ್ತ ಹೊಡಿತೇನಿ."

"ಯಾರಿಗ್ರಿ?"

"ಬಸವಣ್ಣಗ."

ಟವೆಲ್ ತೆಗೆದು ಪಕ್ಕಕ್ಕಿಟ್ಟರು. ಅಷ್ಟು ತಿಂಗಳಲ್ಲಿ ಆಡುವಾಗ ನಾನು ಆ ಕೈಯನ್ನು ಟವೆಲ್ಲಿಲ್ಲದೆ ಕಂಡದ್ದು ಅದೇ ಮೊದಲು. ಸೊರಗಿ ಹೋಗಿತ್ತು. ಬೆರಳುಗಳು ಒಳಕ್ಕೆ ಮುದುಡಿದ್ದವು, ಹೆಬ್ಬೆರಳು ಗೂಟದ ಮೇಲೆ ಸುಮ್ಮನೆ ಬಿದ್ದಿತ್ತು. ಹೋರಿ ಬಂತು. ಎಡಗಾಲು ಕೆರೆಯಿತು. ಕಾಕಾ ಸರಿದು ಪಾರಾಗಿ ಅದರ ಹಿಂದೆ ನಿಂತರು. ಹೆಬ್ಬೆರಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಪಾರಾದರು, ಹಲ್ಲು ಕಚ್ಚಿ ಭುಜ ಜಗ್ಗಿದರು. ಗುಂಡು ಕೆಳಕ್ಕೂ ಹೋಗಲಿಲ್ಲ. ಎಡಗೈ ಬಿಟ್ಟು, ಅದರಿಂದ ಬಲ ಹೆಬ್ಬೆರಳನ್ನು ಹಿಡಿದು ತಿರುಗಿಸಲು ಹೋದರು. ಅಷ್ಟರಲ್ಲಿ ಹೋರಿ ಹಾಯಿತು.

ಆಟ ಮೊದಲ ಕೋಣೆಗೆ ಹೋಗಿ ನಿಂತಿತು. ನಾನು ಟಿ.ವಿ.ಯ ದನಿ ಸಣ್ಣ ಮಾಡಿದೆ.

"ನಿನ್ನಿ ನಾ ಏನೂ ಒತ್ತಲಿಲ್ರಿ" ಎಂದರು ಕಾಕಾ. "ಒತ್ತಾಕ ಬರಲಿಲ್ಲ. ಅಂವ ನನ್ನ ಮಾರಿ ನೋಡಿ ಒಂದ ದರಾ ಹೇಳಿದ. ನಾ ಹೌದಂದ್ನಿ. ಇಬ್ಬರೂ ಸೇರಿ ಸುಳ್ಳ ವ್ಯಾಪಾರ ಮಾಡಿದ್ವಿ."

"ಡಾಕ್ಟರು ಇನ್ನೂ ಟೈಮ್ ಬೇಕಂದಾರಲ್ರಿ ಕಾಕಾ" ಎಂದೆ. ಅದು ನನ್ನ ಕಿವಿಗೇ ಸುಳ್ಳೆನಿಸಿತು.

"ಈ ಬಸವಣ್ಣಗ ಹೊಡಿಯಾಕ ಮೊದಲನೇ ದಿನ ಖರೇನ ಮನಸ್ಸ ಬರಲಿಲ್ರಿ. ಆಮ್ಯಾಲ ಮನಸ್ಸ ಬಂತು, ಬೆರಳ ಬರಲಿಲ್ಲ. ಮೊದಲ ಒಂದಿಷ್ಟರ ಜಗ್ಗಾಕ ಬರತಿತ್ತು, ಈಗ ದಿನಾ ಅದೂ ಕಮ್ಮಿ ಆಗಾಕ ಹತ್ತೇತಿ." ಟವೆಲ್ಲನ್ನು ಮತ್ತೆ ಕೈಮೇಲೆ ಎಳೆದುಕೊಂಡರು. "ಯಾರ ಮುಂದೂ ಹೇಳಬ್ಯಾಡ್ರಿ. ಆಕಿ ಮುಂದಂತೂ ಬ್ಯಾಡ. ಪಾಪ, ಭಾಳ ಹಿಗ್ಗಿಲೆ ಹೇಳಕೋತ ಅಡ್ಡಾಡ್ತಾಳ."

ಹೇಳಲಿಲ್ಲ. ಗಣಿತದ ಅಕ್ಕೋರು ನಾನು, ಬಿಡಿಸಲಾಗದ ಲೆಕ್ಕವನ್ನು ಹಲಗೆಯ ಮೇಲೆ ಬಿಟ್ಟು ಹೊರಗೆ ಬಂದವಳ ಹಾಗೆ ಆ ಸಂಜೆ ಮನೆಗೆ ಬಂದೆ. ಸತ್ತು ಸತ್ತು ಕಲಿಯಬಹುದು ಎಂಬುದೇ ಆ ಆಟದ ದೊಡ್ಡ ಗುಣ ಎಂದು ನಾನು ಅದುವರೆಗೆ ಎಲ್ಲರೆದುರು ವಾದಿಸಿದವಳು. ಕಲಿತದ್ದೆಲ್ಲ ತಲೆಯಲ್ಲಿದ್ದೂ ಒಂದು ಬೆರಳು ಏಳದ ಮನುಷ್ಯನಿಗೆ ಆ ಗುಣ ಯಾವ ಉಪಯೋಗಕ್ಕೂ ಬರುವುದಿಲ್ಲ.

ಆಮೇಲೂ ಸಂಜೆ ಜನ ಬರುತ್ತಿದ್ದರು. ಕಾಕಾ ಕೆಲವು ದಿನ ಮೊದಲ ಅಂತಸ್ತಿನಲ್ಲೇ ಸಾಯುತ್ತಿದ್ದರು. ಆಗ ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟು, "ಹಗೇವಿನ್ಯಾಗ ಹೋರಿ ತನಾ ಇಳಸಿ ಕೊಡ್ರಿ, ಇವರು ಬಸವಣ್ಣನ್ನ ನೋಡಾಕ ಬಂದಾರ" ಎನ್ನುತ್ತಿದ್ದರು. ನಾನು ಹೋರಿಯ ಮುಂದೆ ಒಯ್ದು ನಿಲ್ಲಿಸಿ ಕೊಡುತ್ತಿದ್ದೆ. ಅವರು ಎಡಗೈಯಿಂದ ಪಾರಾಗುತ್ತ, ಕಾಲು ಕೆರೆಯುವುದನ್ನು ಎಲ್ಲರಿಗೂ ತೋರಿಸುತ್ತ, ನಗಿಸುತ್ತ ಆಡುತ್ತಿದ್ದರು. ನಾನೂ ಜನರೊಡನೆ ನಗುತ್ತಿದ್ದೆ. ಹಾಗೆ ನಗುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಶ್ರಾವಣ ಕಳೆದ ಮೇಲೆ ಎರಡನೆಯ ಸಲ ಲಕ್ವಾ ಹೊಡೆಯಿತು. ಈ ಸಲ ದವಾಖಾನೆಯಿಂದ ತಿರುಗಿ ಬರಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಕಾಕು ಅದೇ ಮಾತು ಹೇಳಿದರು. "ಕಡೀತನಾ ಬಸವಣ್ಣಗ ಹೊಡೀಲಿಲ್ರಿ. ಅಕ್ಕೋರನ್ನ ಕೇಳ್ರಿ." ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. "ಹೌದ್ರಿ" ಎನ್ನುತ್ತಿದ್ದೆ. ಅಂಥ ದೊಡ್ಡ ಮನುಷ್ಯ ಎಂದು ಬಂದವರು ಕೈಮುಗಿದು ಹೋಗುತ್ತಿದ್ದರು. ಗುಡಗೇರಿಯ ಜೊತೆಗಾರರೂ ಬಂದಿದ್ದರು. ಅವರು ನನ್ನನ್ನು ನೋಡಲಿಲ್ಲ, ನಾನೂ ಅವರನ್ನು ನೋಡಲಿಲ್ಲ.

ಮೊನ್ನೆ ಸಂಜೆ ಬಂದವರೆಲ್ಲ ಹೋದ ಮೇಲೆ ಕಾಕು ಚಹಾದ ಕಪ್ಪುಗಳನ್ನು ಒಳಗಿಟ್ಟು ಬಂದು ನನ್ನ ಬಾಜೂ ಕೂತರು.

"ಅಕ್ಕೋರ, ಅದನ್ನೊಮ್ಮೆ ಹಚ್ಚತೀರೇನ್ರಿ? ಆ ಬಸವಣ್ಣ ಬರೂತನಾ ಆಡ್ರಿ. ನಾ ನೋಡತೇನಿ."

ಹಚ್ಚಿದೆ. ಮೊದಲ ಅಂತಸ್ತು ಇಳಿದೆ, ಎರಡನೆಯದೂ ಆಯಿತು. ಕಾಕು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೋರಿ ಬಂತು. ಅದು ಹಾಯ್ದು ಮುಂದೆ ಹೋದಾಗ ನಾನು ಅದರ ಹಿಂದಿದ್ದೆ, ಹೆಬ್ಬೆರಳು ಬಲಗೋಡಿನ ಮೇಲಿತ್ತು. ಕಾಕುವಿನ ಎದುರಿಗೆ ಹೊಡೆಯಲು ಮನಸ್ಸಾಗದೆ ನಿಲ್ಲಿಸಿದೆ.

"ಬಿಡಲೇನ್ರಿ ಕಾಕು?"

"ಯಾಕ ಬಿಡ್ತೀರಿ?" ಎಂದರು ಕಾಕು. "ದಿನಾ ತುತ್ತ ಮಾಡಿ ಉಣಸಾಕಿ ನಾನ. ಅಂಗಿ ಗುಂಡಿ ಹಾಕಾಕಿ ನಾನ. ಆ ಕೈಯಾಗ ಏನಿತ್ತು ಏನಿರಲಿಲ್ಲ, ನನಗ ಗೊತ್ತಿರಲಿಲ್ಲೇನ್ರಿ? ಹೊಡೀರಿ. ಅವರಿಗೆ ಹೊಡಿಯೂ ಆಸೆ ಭಾಳ ಇತ್ತು."

ನನಗೆ ಪರದೆ ಮಂಜಾಯಿತು. ಹೋರಿ ತಿರುಗಿ ಬಂದು ಹಾಯಿತು. ಆಟ ಮೊದಲ ಕೋಣೆಗೆ ಹೋಗಿ ನಿಂತಿತು.

"ಮತ್ತ ಹೋಗ್ರಿ" ಎಂದರು ಕಾಕು.